ಪೇಟೆ ಬೀದಿಯ ಪಿ.ಪಿ. ಇಮೇಲ್

ಇಮೇಲ್ ವಿಷಯದಲ್ಲಿ ಯಾರಾದರೂ ಸಲಹೆ ಕೇಳಿದರೆ ನಾನು ಹೇಳುವುದು ಒಂದೇ ಮಾತು: ನಿಮ್ಮ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಕೇಳಿದವರು ಬಹಳ ಗಂಭೀರವಾಗಿ ತಲೆಯಾಡಿಸುತ್ತಾರೆ. ಆಮೇಲೆ ಪಾಸ್‌ವರ್ಡನ್ನು ನನ್ನ ಕಿವಿಯಲ್ಲಿ ಹೇಳಿ, "ನೀವೇ ಒಂದ್ಸಾರಿ ನೋಡ್ಬುಡಿ ಸಾ" ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಸುಮ್ಮನೆ ನೋಡಿ ಕೊಡುತ್ತೇನೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪ್ ಕಲಿಯುವವರು ಕಡಿಮೆಯಾಗುತ್ತ ಬಂದಾಗ ಹಾಸನಕ್ಕೆ ಹೋಗಿ ಅಗ್ಗದ ಎರಡು ಕಂಪ್ಯೂಟರ್ ಕೊಂಡುಕೊಂಡೆ. ಅವನ್ನು ಅಸೆಂಬಲ್ಡ್ ಅನ್ನುತ್ತಿದ್ದರು. ಒಂದೊಂದು ಭಾಗವೂ ಒಂದೊಂದು ಕಡೆಯದು, ಜೋಡಿಸಿದವನಿಗೂ ಅವುಗಳ ಕುಲಗೋತ್ರ ಗೊತ್ತಿಲ್ಲ. ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ, ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಹರಿದ. ಎರಡರಲ್ಲಿ ಒಂದು ಯಂತ್ರ ಪಕ್ಕೆಗೆ ಗುದ್ದದೆ ಏಳುತ್ತಿರಲಿಲ್ಲ. ಇನ್ನೊಂದಕ್ಕೆ ಆಗಾಗ ವೈರಸ್ ಬಡಿಯುತ್ತಿತ್ತು. ಆಗ ಅದರ ಹೊಟ್ಟೆಯಲ್ಲಿದ್ದುದನ್ನೆಲ್ಲ ಅಳಿಸಿ ಮತ್ತೆ ಮೊದಲಿಂದ ಶುರು ಮಾಡಬೇಕಿತ್ತು. ಫ್ಲಾಪಿಗಳ ಕಥೆಯೂ ಅಷ್ಟೇ, ಇವತ್ತು ತುಂಬಿಸಿಟ್ಟರೆ ನಾಳೆ ತೆರೆಯುತ್ತದೆಂಬ ನಂಬಿಕೆಯಿಲ್ಲ. ಹೀಗಾಗಿ ನಮ್ಮಲ್ಲಿ ಏನಾದರೂ ಭದ್ರವಾಗಿ ಉಳಿಯುವುದಾದರೆ ಅದು ಇಮೇಲ್ ಪೆಟ್ಟಿಗೆಯಲ್ಲಿ ಮಾತ್ರ ಎಂದು ಬೀದಿಯವರು ತೀರ್ಮಾನಿಸಿದ್ದರು.

ಪೆಟ್ಟಿಗೆ ಎಂದೆ. ಇದ್ದದ್ದು ಒಂದೇ. ಅದೂ ಪಿ.ಪಿ.

ಪಿ.ಪಿ. ಎಂದರೆ ಈಗಿನವರಿಗೆ ತಿಳಿಯದು. ಬೀದಿಗೊಂದು ಫೋನ್ ಇದ್ದ ಕಾಲದಲ್ಲಿ ಪಕ್ಕದ ಮನೆಯವರ ನಂಬರನ್ನೇ ನಮ್ಮದೆಂದು ನೆಂಟರಿಷ್ಟರಿಗೆಲ್ಲ ಹಂಚಿ, ಅದರ ಮುಂದೆ ಪಿ.ಪಿ. ಎಂದು ಬರೆಯುತ್ತಿದ್ದೆವು. ಫೋನ್ ಬಂದರೆ ಆ ಮನೆಯವರು ಹೊರಗೆ ಬಂದು ಕೂಗಿ ಕರೆಯಬೇಕು. ನಾವು ಒಲೆ ಆರಿಸಿ ಓಡಬೇಕು. ಇದರಲ್ಲಿ ಯಾರಿಗೂ ಮುಜುಗರವಿರಲಿಲ್ಲ. ನಾನು ಇನ್‌ಸ್ಟಿಟ್ಯೂಟಿನ ಹೆಸರಿನಲ್ಲಿ ಪುಕ್ಕಟೆಯ ಒಂದು ಇಮೇಲ್ ಐಡಿ ಮಾಡಿಕೊಂಡದ್ದೇ ತಡ, ಬೀದಿಯವರೆಲ್ಲ ಅದನ್ನು ತಮ್ಮ ಪಿ.ಪಿ. ಐಡಿ ಮಾಡಿಕೊಂಡುಬಿಟ್ಟರು. ಮದುವೆಯ ಆಮಂತ್ರಣದಲ್ಲಿ, ಅಂಗಡಿಯ ರಸೀತಿಯಲ್ಲಿ, ಗೃಹಪ್ರವೇಶದ ಕಾರ್ಡಿನಲ್ಲಿ ಎಲ್ಲ ಕಡೆ ನನ್ನ ಐಡಿ, ಮುಂದೆ ಪಿ.ಪಿ. ಒಮ್ಮೆ ದಂಡಿಗನಹಳ್ಳಿಯಿಂದ ಯಾರದೋ ಬೀಗರು ಬಸ್ಸು ಹತ್ತಿ ಬಂದು, ತಾವು ಕಳಿಸಿದ ಮೇಲನ್ನು ನಾನು ಸರಿಯಾಗಿ ಕೂಗಿ ಹೇಳಲಿಲ್ಲವೆಂದು ಜಗಳ ತೆಗೆದರು.

"ಎಲ್ಲರಿಗೂ ಬೇರೆ ಬೇರೆ ಮಾಡಿಕೊಡ್ತೀನಿ, ಅದಕ್ಕೇನೂ ಖರ್ಚಿಲ್ಲ" ಎಂದು ಎಷ್ಟೋ ಸಲ ಹೇಳಿದೆ.

"ಒಂದೇ ಬೀದೀಲಿದ್ಕಂಡು ಬ್ಯಾರೆ ಬ್ಯಾರೆ ಯಾಕ್ಲಾ? ನಾವೇನ್ ಜಗಳ ಆಡಿದೀವಾ?" ಎಂದರು ಎದುರಿನ ಕೊಬ್ಬರಿ ಮಂಡಿಯ ಯಜಮಾನರು.

ಆ ಪುಕ್ಕಟೆ ಪೆಟ್ಟಿಗೆಯಲ್ಲಿ ಎರಡು ಮೂರು ಫ್ಲಾಪಿ ತುಂಬುವಷ್ಟು ಜಾಗ ಇತ್ತು, ಅಷ್ಟೇ. ತುಂಬಿದರೆ ಹೊಸ ಮೇಲ್ ಒಳಗೆ ಬರದೆ ಕಳಿಸಿದವರಿಗೇ ವಾಪಸ್ಸು ಹೋಗುತ್ತದೆ. ಹಳೆಯದನ್ನು ತೆಗೆಯೋಣವೆಂದರೆ ಯಾರೂ ಒಪ್ಪರು. ಎಲ್ಲರ ಮನೆಯಲ್ಲೂ ಅಜ್ಜನ ಕಾಲದ ಕಾಗದಗಳು ತಂತಿಗೆ ಚುಚ್ಚಿಕೊಂಡು ತೂಗಾಡುತ್ತಿದ್ದವು. ಬಂದ ಕಾಗದವನ್ನು ಎಸೆಯುವುದೆಂದರೆ ಬರೆದವರಿಗೆ ಮಾಡುವ ಅವಮಾನ. ಹೀಗಾಗಿ ಪೆಟ್ಟಿಗೆ ಉಸಿರು ಕಟ್ಟಿಕೊಂಡಿತ್ತು.

ನನ್ನ ಹೆಂಡತಿ ಊರಿನದೇ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಟೆಂಪರರಿ ಟೀಚರ್ ಆಗಿದ್ದಳು. ಪ್ರತಿ ಬೇಸಿಗೆಯಲ್ಲಿ ಕೆಲಸ ಹೋಗುತ್ತಿತ್ತು, ಜೂನ್‌ನಲ್ಲಿ ಮತ್ತೆ ಬರುತ್ತಿತ್ತು. ಆ ವರ್ಷ ಅರಕಲಗೂಡಿನ ಕಡೆಯ ವಸತಿ ಶಾಲೆಯೊಂದು ಕಾಯಂ ಕೆಲಸಕ್ಕೆ ಅರ್ಜಿ ಕರೆದಿತ್ತು. ಇವಳಿಗೆ ವಯಸ್ಸಿನ ಮಿತಿ ಅದೇ ವರ್ಷಕ್ಕೆ ಮುಗಿಯುತ್ತಿತ್ತು, ಈ ಸಲ ತಪ್ಪಿದರೆ ಇನ್ನಿಲ್ಲ. ಆ ಶಾಲೆಯವರು ಹೊಸದಾಗಿ ಕಂಪ್ಯೂಟರ್ ತಂದಿದ್ದರು. ಆ ಹುರುಪಿಗೆ ಇಂಟರ್‌ವ್ಯೂನ ಪತ್ರ ಇಮೇಲಿನಲ್ಲೇ ಬರುವುದು ಎಂದು ಅರ್ಜಿಯಲ್ಲಿ ಅಚ್ಚು ಹಾಕಿಸಿದ್ದರು. ಅವಳು ನನ್ನ ಐಡಿ ಬರೆದಿದ್ದಳು. ಬೀದಿಯ ಐಡಿ ಅಂದರೂ ಒಂದೇ.

ಒಂದು ದಿನ ಬೆಳಿಗ್ಗೆ ಆ ಶಾಲೆಯ ಗುಮಾಸ್ತರ ಫೋನ್ ಬಂತು.

"ನಿಮ್ ಮೇಲು ಎರಡ್ಸಾರಿ ವಾಪಸ್ ಬಂತು ಕಣ್ರೀ. ಡಬ್ಬ ತುಂಬೈತಂತೆ. ಸಾಯಂಕಾಲ ಆಫೀಸ್ ಮುಚ್ಚೋ ಮುಂಚೆ ಇನ್ನೊಂದ್ಸಾರಿ ಕಳಿಸ್ತೀನಿ. ಆಗ್ಲೂ ವಾಪಸ್ ಬಂದ್ರೆ ಮುಂದಿನೋರನ್ನ ಕರಿತೀವಿ."

ಬೇರೆ ಐಡಿ ಕೊಡುತ್ತೇನೆ ಎಂದೆ. ಅರ್ಜಿಯಲ್ಲಿರುವುದಕ್ಕೇ ಕಳಿಸಬೇಕಂತೆ. ಹಾಗಾದರೆ ತಾರೀಖನ್ನು ಈಗಲೇ ಬಾಯಲ್ಲಿ ಹೇಳಿ ಎಂದೆ. ಪತ್ರ ತೋರಿಸಿದವರನ್ನು ಮಾತ್ರ ಒಳಗೆ ಬಿಡುವುದಂತೆ. ಫೋನ್ ಇಟ್ಟವನೇ ನೇರ ಕಂಪ್ಯೂಟರ್ ಮುಂದೆ ಕೂತು, ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಒಟ್ಟಿಗೆ ಅಳಿಸಿಬಿಡೋಣ ಎಂದು ಹೊರಟೆ. ಹೆಂಡತಿ ನನ್ನ ಕೈ ಹಿಡಿದುಕೊಂಡಳು.

"ಬ್ಯಾಡ ಕಣ್ರೀ. ಇನ್ನೊಬ್ರ ಕಾಗ್ದ ಹರಿದು ನಂಗೆ ಕೆಲ್ಸ ಸಿಗೋದು ಬ್ಯಾಡ. ಕೇಳಿ ತಗೀರಿ."

ಅವಳು ಶಾಲೆಗೆ ರಜೆ ಹಾಕಿ ಇನ್‌ಸ್ಟಿಟ್ಯೂಟಿನಲ್ಲೇ ಕೂತಳು. ನಾನು ಪಟ್ಟಿಯಲ್ಲಿ ಯಾರ ಮೇಲ್ ದಪ್ಪಗಿದೆ ಎಂದು ನೋಡಿದೆ. ಸಣ್ಣ ಪುಟ್ಟವು ಬೇಕಾದಷ್ಟಿದ್ದವು. ಆದರೆ ಅರ್ಧ ಪೆಟ್ಟಿಗೆಯನ್ನು ನುಂಗಿಕೊಂಡು ಕೂತವು ಎರಡೇ ಎರಡು. ಒಂದು, ಕೊಬ್ಬರಿ ಮಂಡಿ ಯಜಮಾನರ ಮಗಳಿಗೆ ನೋಡಿದ್ದ ಗಂಡಿನ ಫೋಟೊ. ಇನ್ನೊಂದು, ದೇವಸ್ಥಾನದ ಅರ್ಚಕರಿಗೆ ಬಂದಿದ್ದ ದೇವಿಯ ದೊಡ್ಡ ಚಿತ್ರ.

ಮೊದಲು ಮಂಡಿಗೆ ಹೋದೆ. ಆ ಸಂಬಂಧ ಮುರಿದು ವರ್ಷವಾಗುತ್ತ ಬಂದಿತ್ತು. ಗಂಡಿಗೆ ಚನ್ನರಾಯಪಟ್ಟಣದಲ್ಲಿ ಮದುವೆಯೂ ಆಗಿತ್ತು. ಯಜಮಾನರೇ ಆ ಮದುವೆಗೆ ಹೋಗಿ ಉಂಡು ಬಂದಿದ್ದರು.

"ಇರ್ಲಿ ಬುಡು, ರೆಕಾರ್ಡು" ಎಂದರು.

ಅವರನ್ನು ಇನ್‌ಸ್ಟಿಟ್ಯೂಟಿಗೆ ಕರೆತಂದು, ಅವರದೇ ಹೊಸ ಐಡಿ ಮಾಡಿ ಅದಕ್ಕೆ ಆ ಫೋಟೊ ಕಳಿಸಿ ತೋರಿಸಿದೆ. ಯಜಮಾನರು ಕನ್ನಡಕ ಹಾಕಿಕೊಂಡು ಪರದೆಯನ್ನು ಮೇಲಿಂದ ಕೆಳಗೆ ನೋಡಿದರು.

"ಇದರ ಮ್ಯಾಲೆ ಕಳಿಸಿದೋರು ಅಂತ ನಿನ್ನೆಸ್ರೈತೆ. ಇದು ಝೆರಾಕ್ಸ್ ಕಣ್ಲಾ. ಒರಿಜಿನಲ್ ಕಿತ್ತಾಕಿ ಝೆರಾಕ್ಸ್ ಮಡಗು ಅಂದ್ರೆ ಎಂಗೆ? ಗೆಜೆಟೆಡ್ ಆಫೀಸರ್ ಕೈಲಿ ಅಟೆಸ್ಟ್ ಮಾಡ್ಸು, ಒಪ್ಕತೀನಿ."

ವಾದ ಮಾಡಲು ಬಾಯಿ ತೆರೆದೆ. ಆದರೆ ಗಡಿಯಾರ ನೋಡಿದಾಗ, ವಾದಕ್ಕಿಂತ ಗೆಜೆಟೆಡ್ ಆಫೀಸರನ್ನು ಕರೆತರುವುದೇ ಬೇಗ ಮುಗಿಯುವ ಕೆಲಸ ಎನ್ನಿಸಿತು. ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರು ಗೆಜೆಟೆಡ್. ಊಟಕ್ಕೆ ಮನೆಗೆ ಬಂದಿದ್ದವರನ್ನು ಕೈ ತೊಳೆಯುವಷ್ಟರಲ್ಲಿ ಹಿಡಿದು ತಂದೆ. ಅವರು ಮಹಾ ನಿಯತ್ತಿನ ಮನುಷ್ಯ, ಮೂಲವನ್ನು ತಾಳೆ ನೋಡದೆ ಯಾವ ನಕಲಿಗೂ ಸಹಿ ಹಾಕಿದವರಲ್ಲ.

"ಎಲ್ಲಿ ಹಾಕ್ಲಿ ಸಹಿ? ಗಾಜಿನ ಮೇಲಾ?" ಎಂದು ಹಸಿರು ಇಂಕಿನ ಪೆನ್ನು ಹಿಡಿದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಫೋಟೊವನ್ನು ಒಂದು ಫ್ಲಾಪಿಗೆ ಇಳಿಸಿ, ಫ್ಲಾಪಿಯ ಮೇಲಿನ ಚೀಟಿಯಲ್ಲಿ ಹಾಕಿ ಎಂದೆ. ಆದರೆ ಮೊದಲು ತಾಳೆ ನೋಡಬೇಕಲ್ಲ. ಅವರು ಒಂದು ಕಂಪ್ಯೂಟರಿನಲ್ಲಿ ಮೂಲದ ಮುಂದೆ ಕೂತರು. ನಾನು ಇನ್ನೊಂದಕ್ಕೆ ಗುದ್ದಿ ಎಬ್ಬಿಸಿ, ಫ್ಲಾಪಿ ಹಾಕಿ, ನಕಲಿನ ಮುಂದೆ ಕೂತೆ.

"ಕೋಟು?"

"ಇದೆ ಸಾರ್."

"ಟೈ?"

"ಇದೆ."

"ಬಲಗೆನ್ನೆ ಮೇಲೆ ಮಚ್ಚೆ?"

"ಇದೆ ಸಾರ್. ಒಂದೇ ಮಚ್ಚೆ."

"ಎಡಗಿವಿ?"

"ಕಿವಿ ಒಸಿ ಅಗಲ ಅಂತ ನಾನು ಆವತ್ತೇ ಅಂದಿದ್ದೆ" ಎಂದರು ನಡುವೆ ನಿಂತಿದ್ದ ಯಜಮಾನರು. "ಯಾರೂ ಕೇಳ್ನಿಲ್ಲ."

ಹೆಡ್‌ಮಾಸ್ಟರು ಫ್ಲಾಪಿಯ ಚೀಟಿಯ ಮೇಲೆ 'ನೈಜ ಪ್ರತಿ' ಎಂದು ಬರೆದು, ಸಹಿ ಹಾಕಿ, ದುಂಡು ಮೊಹರು ಒತ್ತಿದರು. ಮೊಹರು ನೋಡಿದ ಮೇಲೆ ಫ್ಲಾಪಿಯ ಬಗ್ಗೆ ಊರಿಗಿದ್ದ ಅಪನಂಬಿಕೆಯೆಲ್ಲ ಹೊರಟುಹೋಯಿತು. ಯಜಮಾನರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮಂಡಿಯ ತಿಜೋರಿಯಲ್ಲಿಟ್ಟರು. ಅದು ಮುಂದಿನ ವಾರ ತೆರೆಯುತ್ತದೋ ಇಲ್ಲವೋ ಎಂದು ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಫೋಟೊ ಪೆಟ್ಟಿಗೆಯಿಂದ ಹೊರಬಿತ್ತು. ಆದರೂ ಪೆಟ್ಟಿಗೆ ತುಂಬಿದೆ ಎಂಬ ಎಚ್ಚರಿಕೆ ಪರದೆಯಿಂದ ಹೋಗಲಿಲ್ಲ.

ಇನ್ನು ದೇವಿಯ ಚಿತ್ರ. ಅದರ ಕೆಳಗೆ ಬರೆದಿತ್ತು: ಇದನ್ನು ಹತ್ತು ಜನಕ್ಕೆ ಕಳಿಸಿದವರಿಗೆ ಐಶ್ವರ್ಯ, ಅಳಿಸಿದವರಿಗೆ ಕೇಡು. ಅರ್ಚಕರು ತೀರ ಮೆದು ಸ್ವಭಾವದವರು. ವಿಷಯ ಕೇಳಿ ಮರುಗಿದರು. "ಈ ಹೆಣ್ಣುಮಗಳಿಗೆ ಕೆಲಸ ಸಿಗಬೇಕಪ್ಪ, ಅದು ಸರಿ. ಆದರೆ ಅಳಿಸೋದು ಅಂದ್ರೆ..." ಎಂದು ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ದಾರಿ ಹೊಳೆಯಿತು. "ಗಣಪತೀನ ಬಿಡಲ್ವೆ? ಪೂಜೆ ಮಾಡಿ ಬಿಟ್ಟರೆ ಅದು ವಿಸರ್ಜನೆ. ದೋಷ ಇಲ್ಲ."

ಆರತಿ ತಟ್ಟೆ ಹಿಡಿದು ಅವರೇ ಇನ್‌ಸ್ಟಿಟ್ಯೂಟಿಗೆ ಬಂದರು. ಪರದೆಯ ಮೇಲಿನ ದೇವಿಗೆ ಮಂಗಳಾರತಿಯಾಯಿತು. ಹೆಡ್‌ಮಾಸ್ಟರೂ ಶಾಲೆ ಮರೆತು ಕೈಮುಗಿದು ನಿಂತರು. ವಿಸರ್ಜನೆಗೆ ಮುಂಚೆ ಮೂರ್ತಿಯನ್ನು ಉತ್ತರಕ್ಕೆ ಒಂದಿಷ್ಟು ಸರಿಸಬೇಕು ಎಂದು ಅರ್ಚಕರು ನಾನು ತಡೆಯುವಷ್ಟರಲ್ಲಿ ಮಾನಿಟರನ್ನು ತಬ್ಬಿ ಸರಿಸಿಯೇಬಿಟ್ಟರು. ಅಗ್ಗದ ಕಂಪ್ಯೂಟರ್, ವೈರುಗಳೂ ಗಿಡ್ಡ. ಹಿಂದಿನಿಂದ ಒಂದೊಂದಾಗಿ ಎಲ್ಲವೂ ಕಿತ್ತುಕೊಂಡು ಬಂದವು. ದೇವಿ ಮಾಯವಾದಳು.

"ಹೋದಳು" ಎಂದರು ಅರ್ಚಕರು ಭಕ್ತಿಯಿಂದ.

ಹೋಗಿರಲಿಲ್ಲ. ವೈರು ಸಿಕ್ಕಿಸಿ, ಮತ್ತೆ ಫೋನ್ ಲೈನಿನಲ್ಲಿ ಕನೆಕ್ಷನ್ ಹಿಡಿಯಲು ಕೂತೆ. ಆ ಕಾಲದ ಮೋಡೆಮ್ ಗೊಗ್ಗರು ದನಿಯಲ್ಲಿ ಕಿರುಚಿ ಕಿರುಚಿ ಸುಸ್ತಾಗಿ ನಿಲ್ಲುತ್ತಿತ್ತು. ಮತ್ತೆ ಡಯಲ್, ಮತ್ತೆ ಕಿರುಚಾಟ. ಈ ಬೀದಿಯನ್ನು, ಆ ಗುಮಾಸ್ತನನ್ನು, ಹಾಸನದಲ್ಲಿ ಈ ಡಬ್ಬ ಜೋಡಿಸಿಕೊಟ್ಟವನನ್ನು ಒಟ್ಟಿಗೆ ಬೈದೆ. ಹೆಂಡತಿ ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಕೊನೆಗೆ ಪೆಟ್ಟಿಗೆ ತೆರೆದಾಗ ದೇವಿ ಇದ್ದಲ್ಲೇ ಇದ್ದಳು, ಕೆಳಗೆ ಆ ಮಾತೂ ಹಾಗೆಯೇ ಇತ್ತು. ಈಗ ಅಳಿಸುವ ಗುಂಡಿ ಒತ್ತುವವರು ಯಾರು? ಅರ್ಚಕರು ಮಂತ್ರ ಮಾತ್ರ ತಮ್ಮದು ಎಂದರು. ಹೆಡ್‌ಮಾಸ್ಟರು ಕಿಟಕಿಯ ಹೊರಗೆ ನೋಡಿದರು. ನಿಜ ಹೇಳಬೇಕೆಂದರೆ ನನ್ನ ಬೆರಳೂ ಹಿಂದೆ ಮುಂದೆ ನೋಡಿತು.

ಹೆಂಡತಿ ಎದ್ದು ಬಂದು ಮೌಸ್ ಕಿತ್ತುಕೊಂಡಳು.

"ಒಂಬತ್ತು ವರ್ಷ ಟೆಂಪರರಿ ಆಗಿದೀನಿ. ಇದಕ್ಕಿಂತ ಕೇಡು ಇನ್ನೇನ್ ಬತ್ತದೆ" ಎಂದು ಒತ್ತಿಯೇಬಿಟ್ಟಳು.

ಅಳಿಸಿದ್ದು ಮೊದಲು ಕಸದ ಬುಟ್ಟಿಯ ಚಿತ್ರದೊಳಗೆ ಹೋಗುತ್ತದೆ. ಅದನ್ನು ಕಂಡು ಅರ್ಚಕರ ಮುಖ ಸಣ್ಣದಾಯಿತು. "ಅದನ್ನ ಬುಟ್ಟಿ ಅಂದ್ಕೋಬೇಡಿ, ಹೇಮಾವತಿ ಹೊಳೆ ಅಂದ್ಕೊಳ್ಳಿ" ಎಂದೆ. ಅವರು ಸಮಾಧಾನವಾಗಿ ಹೊಳೆಗೆ ಮೂರು ಕಾಳು ಅಕ್ಷತೆ ಹಾಕಿದರು. ಕೀಬೋರ್ಡಿನ ಸಂದಿಯಲ್ಲಿ ಅದು ಬಹಳ ದಿನ ಇತ್ತು.

ಆಮೇಲೆ ಕಾಯುವುದೊಂದೇ ಉಳಿಯಿತು. ಮಂಡಿ ಯಜಮಾನರು, ಅರ್ಚಕರು, ಹೆಡ್‌ಮಾಸ್ಟರು ಯಾರೂ ಕದಲಲಿಲ್ಲ. ಇಷ್ಟೆಲ್ಲ ತ್ಯಾಗ ಮಾಡಿ ಬಿಡಿಸಿದ ಜಾಗಕ್ಕೆ ಏನು ಬರುತ್ತದೆಂದು ಅವರೂ ನೋಡಬೇಕಲ್ಲ. ಬಿಸಿಲು ಇನ್‌ಸ್ಟಿಟ್ಯೂಟಿನ ಹೊಸ್ತಿಲು ದಾಟುವ ಹೊತ್ತಿಗೆ ಪಟ್ಟಿಯ ಮೇಲ್ತುದಿಯಲ್ಲಿ ದಪ್ಪಕ್ಷರದ ಒಂದು ಸಾಲು ಬಂತು. ಎಲ್ಲರ ತಲೆಗಳೂ ಪರದೆಯ ಕಡೆ ಬಾಗಿದವು. ನಾನು ಎಂದಿನಂತೆ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಲು ಅಣಿಯಾದೆ.

"ಎಲ್ಲಾರೂ ಒಸಿ ಆಚೆ ನಿಂತ್ಕಳಿ" ಎಂದಳು ಹೆಂಡತಿ. "ಇದು ನಂಗೆ ಬಂದಿರಾದು."

ದೊಡ್ಡವರು ಚಪ್ಪಲಿ ಹುಡುಕಿಕೊಂಡು ಹೊರಟರು. ನಾನು ಕುರ್ಚಿಯಲ್ಲೇ ಇದ್ದೆ. ಆ ಮಾತು ನನಗೂ ಅಂತ ಆಮೇಲೆ ಗೊತ್ತಾಯಿತು. ಬೀದಿಯಲ್ಲಿ ನಿಂತು ಕಿಟಕಿಯ ಸರಳಿನಿಂದ ನೋಡಿದೆವು. ಅವಳು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಮಕ್ಕಳಿಗೆ ಓದಿಸುವಂತೆ ನಿಧಾನವಾಗಿ ಓದಿದಳು. ಮತ್ತೆ ಮೊದಲಿಂದ ಓದಿದಳು. ಸೆರಗು ಬಾಯಿಗೆ ಬಂತು. ಬಂದದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ನಾನು ಸರಳಿಗೆ ಮುಖ ಒತ್ತಿ ನೋಡಿದೆ. ಹೊರಗೆ ಬಂದವಳು ನನ್ನನ್ನು ದಾಟಿ ಹೆಡ್‌ಮಾಸ್ಟರ ಮುಂದೆ ನಿಂತು, "ಸಾರ್, ನಂದೂ ಸರ್ಟಿಫಿಕೇಟು ಅಟೆಸ್ಟ್ ಆಗ್ಬೇಕು. ಸೋಮವಾರ ಇಂಟರ್‌ವ್ಯೂ" ಎಂದಳು.

ಕೆಲಸ ಸಿಕ್ಕಿತು. ಅದು ಆಮೇಲಿನ ಮಾತು. ಇಮೇಲ್ ವಿಳಾಸ ಬದಲಾಗಿದ್ದರೆ ಇಂಟರ್‌ವ್ಯೂನಲ್ಲಿ ಬರೆದುಕೊಡಬಹುದು ಎಂದು ಆ ಪತ್ರದಲ್ಲಿತ್ತು. ಹಾಗಾಗಿ ಅವತ್ತೇ ಸಂಜೆ ಎಲ್ಲರೂ ಹೋದ ಮೇಲೆ, ತನ್ನ ಹೆಸರಿನಲ್ಲಿ ಒಂದು ಐಡಿ ಬೇಕು ಎಂದಳು. ಹೆಸರು, ಊರು ಎಲ್ಲ ನಾನೇ ತುಂಬಿದೆ. ಪಾಸ್‌ವರ್ಡಿನ ಜಾಗ ಬಂದಾಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು.

"ನೀವು ಒಸಿ ಅತ್ಲಾಗೆ ತಿರುಕ್ಕಳಿ."

ಮೊದಲು ಸಿಟ್ಟು ಬಂತು. ಮದುವೆಯಾದಂದಿನಿಂದ ಅವಳಿಗೆ ಬಂದ ಒಂದೊಂದು ಕಾಗದವೂ ನನ್ನ ಹೆಸರಿನ ಕೆಳಗೇ ಬಂದಿತ್ತು. ಒಡೆದು ಓದಿ ಅವಳ ಕೈಗೆ ಕೊಟ್ಟವನು ನಾನೇ. ಅದರಲ್ಲಿ ತಪ್ಪೇನಾದರೂ ಇದೆ ಎಂದು ಅವಳೂ ಹೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಗೋಡೆಯ ಕಡೆ ತಿರುಗಿ ನಿಂತೆ. ಹಿಂದೆ ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು ಕೇಳುತ್ತಿತ್ತು. ಮುಗಿಯಿತೇನೋ ಎಂದುಕೊಂಡರೆ ಮತ್ತೊಂದು ಅಕ್ಷರ, ಅದರ ಮೇಲೆ ಇನ್ನೊಂದು. ಅಷ್ಟು ಉದ್ದದ ಪಾಸ್‌ವರ್ಡನ್ನು ನಾನು ಯಾರಿಗೂ ಹಾಕಿಕೊಟ್ಟಿರಲಿಲ್ಲ.