ಡೈನಮೋ ಮತ್ತು ನನ್ನ ಕಾಲ್ಗುಣ

ನಮ್ಮ ಮನೆಯ ಕಾರುಗಾಡಿಯ ಡೈನಮೋ ಪದೇ ಪದೇ ಸುಟ್ಟು ಹೋಗುತ್ತಿದ್ದುದಕ್ಕೆ ಕಾರಣ ನಾನು. ಇದನ್ನು ಕಂಡುಹಿಡಿದವರು ನನ್ನ ಮಾವ. ಇಂಡಿ ಊರಿನ ಹೈಸ್ಕೂಲಿನಲ್ಲಿ ಜೀವಮಾನವಿಡೀ ವಿಜ್ಞಾನ ಕಲಿಸಿ ನಿವೃತ್ತರಾದವರು. ಬಾಯಿಗೆ ಬಂದದ್ದನ್ನು ಆಡುವವರಲ್ಲ. ಮೊದಲು ನೋಡಬೇಕು, ಹೊಂದಿಸಬೇಕು, ಆಮೇಲೆ ತೀರ್ಮಾನಕ್ಕೆ ಬರಬೇಕು ಎಂದು ಹುಡುಗರಿಗೆ ಬೆತ್ತ ಹಿಡಿದು ಕಲಿಸಿದವರು. ನನ್ನ ವಿಷಯದಲ್ಲಿಯೂ ಹಾಗೆಯೇ ಮಾಡಿದರು.

ಎಂಜಿನ್ ತಿರುಗುವಾಗ ಬ್ಯಾಟರಿಗೆ ಕರೆಂಟ್ ತುಂಬುವ ಭಾಗಕ್ಕೆ ನಮ್ಮ ಕಡೆಯ ಗ್ಯಾರೇಜ್ ಮಿಸ್ತ್ರಿಗಳು ಡೈನಮೋ ಎನ್ನುತ್ತಾರೆ. ಅದು ಕೆಟ್ಟರೆ ಬ್ಯಾಟರಿ ಬರಿದಾಗಿ ಗಾಡಿ ನಡುದಾರಿಯಲ್ಲಿ ಕೈಕೊಡುತ್ತದೆ. ಮೊದಲ ಸಲ ಅದು ಕೈಕೊಟ್ಟದ್ದು ಹೊರ್ತಿಯ ಹೊಲಕ್ಕೆ ಹೋಗುವಾಗ. ಮಾವ ಒಬ್ಬರೇ ರೋಡಿನ ಮೇಲೆ ನೆತ್ತಿ ಸುಡುವ ಬಿಸಿಲಿನಲ್ಲಿ ನಿಂತು, ಕೊನೆಗೆ ಯಾರದೋ ಟ್ರ್ಯಾಕ್ಟರಿಗೆ ಗಾಡಿ ಕಟ್ಟಿಸಿಕೊಂಡು ಮನೆಗೆ ಬಂದರು. ಅದರ ಹಿಂದಿನ ದಿನವಷ್ಟೇ ಆ ಗಾಡಿಯಲ್ಲಿ ಕೂತು ನಾನು ಮುದ್ದೇಬಿಹಾಳದ ದವಾಖಾನೆಗೆ ಹೋಗಿ ಅಪ್ಪನನ್ನು ನೋಡಿ ಬಂದಿದ್ದೆ.

ಅಪ್ಪನಿಗೆ ಲಕ್ವಾ ಹೊಡೆದಿತ್ತು. ಮಾತು ಬಿದ್ದಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತರೆ ಎಡಗೈಯಿಂದ ನನ್ನ ಬಳೆಗಳನ್ನು ಒಂದೊಂದಾಗಿ ಹಿಂದೆ ಮುಂದೆ ಸರಿಸುತ್ತಿದ್ದ. ಚಿಕ್ಕಂದಿನಲ್ಲಿ ತಾಳಿಕೋಟೆಯ ಬಳೆ ಅಂಗಡಿಯಲ್ಲಿ ಹಾಗೆಯೇ ಮಾಡಿ, ಬಿಗಿಯಾಯಿತಾ ಸಡಿಲಾಯಿತಾ ಎಂದು ಕೇಳುತ್ತಿದ್ದ. ಈಗ ಕೇಳಲು ಬಾಯಿ ಇರಲಿಲ್ಲ, ಬೆರಳಷ್ಟೇ ಇತ್ತು. ಆ ಬೆರಳಿಗಾಗಿ ನಾನು ಆಗಾಗ ಹೋಗಬೇಕಿತ್ತು. ನನಗೆ ಬೇರೇನೂ ಬೇಕಾಗಿರಲಿಲ್ಲ.

ಮಿಸ್ತ್ರಿ ಹೊಸ ಡೈನಮೋ ಹಾಕಿದ. ಗಾಡಿ ಮಾವನ ಕೆಲಸಕ್ಕೆ ಊರೂರು ತಿರುಗಿತು, ಏನೂ ಆಗಲಿಲ್ಲ. ಅಪ್ಪನನ್ನು ದವಾಖಾನೆಯಿಂದ ತಾಳಿಕೋಟೆಯ ಮನೆಗೆ ಕರೆತಂದರು, ನಾನು ಅದೇ ಗಾಡಿಯಲ್ಲಿ ಹೋಗಿ ನೋಡಿ ಬಂದೆ. ಮರುದಿನ ಸಂತೆಗೆಂದು ತೆಗೆದ ಗಾಡಿ ಪೋಸ್ಟಾಫೀಸಿನ ಮುಂದೆ ನಿಂತಿತು. ಮತ್ತೆ ಹೊಸದು ಹಾಕಿಸಿದರು. ನಾನು ಮತ್ತೆ ಹೋಗಿ ಬಂದೆ. ಅದೂ ಸುಟ್ಟಿತು.

ಮಾವ ಅಂದು ಊಟಕ್ಕೆ ಕೂತವರು, ಸಾರು ಕಲಸುತ್ತಲೇ ಹೇಳಿದರು: "ನೋಡವಾ, ನಾ ಮೂಢನಂಬಿಕಿ ಮನಶ್ಯಾ ಅಲ್ಲ. ಆದ್ರ ಕಣ್ಣಿಗೆ ಕಾಣೋದನ್ನ ಇಲ್ಲ ಅನ್ಲಿಕ್ಕೆ ಬರಂಗಿಲ್ಲ. ನೀ ಕೂತು ಬಂದ ಮ್ಯಾಲ ಗಾಡಿ ನಿಲ್ತದ. ನೀ ಕೂಡದಿದ್ರ ನಿಲ್ಲಂಗಿಲ್ಲ. ಕಾಲ್ಗುಣ ಅಂತ ಹಿರ್ಯಾರು ಸುಮ್ನ ಅಂದಿಲ್ಲ."

ನಾನು ಗಂಡನ ಮುಖ ನೋಡಿದೆ. ಆತ ಉಪ್ಪಿನಕಾಯಿಯ ಹೋಳು ಆರಿಸುವುದರಲ್ಲಿದ್ದ.

"ಬಸ್ಸು ಅವ. ಬಸ್ಸಿಗೆ ಹೋಗು," ಎಂದರು ಮಾವ. ಅಲ್ಲಿಗೆ ಮಾತು ಮುಗಿಯಿತು. ನಾನು ಬಡಿಸಿದೆ. ಮಾವ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಮಾವನ ತೀರ್ಮಾನವನ್ನು ನಾನು ನಂಬಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ಹೊತ್ತೂ ಅದನ್ನೇ ಕೇಳಿದರೆ ಕಲ್ಲೂ ನಂಬುತ್ತದೆ. ಗಾಡಿಯ ಪಕ್ಕದಲ್ಲಿ ಹಾಯುವಾಗ ಸೆರಗು ಎಳೆದುಕೊಂಡು ಹಾಯುತ್ತಿದ್ದೆ. ಆ ಕಬ್ಬಿಣದ ಡಬ್ಬಿಗೆ ನಾನು ಅಂಜುತ್ತಿದ್ದೆ.

ತಮ್ಮನ ಫೋನು ಬಂದಾಗ ಮನೆಯಲ್ಲಿ ಎಲ್ಲರದೂ ಮಧ್ಯಾಹ್ನದ ಊಟವಾಗಿತ್ತು. "ಅಕ್ಕಾ, ಅಪ್ಪ ಬಾಗಲಾ ಕಡೆನ ನೋಡ್ಲಿಕತ್ತಾನ. ಡಾಕ್ಟರ್ ಕೈ ಬಿಟ್ರು. ಜಲ್ದಿ ಬಾ," ಎಂದ. ಗಾಡಿ ಅಂಗಳದಲ್ಲಿಯೇ ಇತ್ತು. ಹೊಸ ಡೈನಮೋ ಹಾಕಿಸಿಕೊಂಡು, ಒರೆಸಿಕೊಂಡು, ಮದುಮಗನ ಹಾಗೆ ನಿಂತಿತ್ತು. ಗಾಡಿಯಲ್ಲಿ ಹೊರಟರೆ ಸಿಂದಗಿ ದಾಟಿ ತಾಳಿಕೋಟೆ ಎಷ್ಟರ ದೂರ!

ಮಾವ ಆರಾಮಕುರ್ಚಿಯಿಂದ ಏಳಲಿಲ್ಲ. "ನಾಳೆ ಬಾಗೇವಾಡಿಗೆ ಮುಂಜಿಗೆ ಹೋಗೋದದ. ವಟುವಿನ ಅಜ್ಜನ ಜಾಗಾದಾಗ ನಾ ಕೂಡಬೇಕು. ಇಂದ ಈಕಿ ಕೂತಳಂದ್ರ ನಾಳೆ ಅದು ದಾರ್ಯಾಗ ನಿಲ್ತದ. ಮುಹೂರ್ತ ನನ್ನ ಸಲುವಾಗಿ ಕಾಯಂಗಿಲ್ಲ."

"ನಮ್ಮಪ್ಪನೂ ಕಾಯಂಗಿಲ್ರಿ," ಎಂದೆ.

"ಅದು ದೈವೇಚ್ಛಾ," ಎಂದರು.

ಮದುವೆಯ ದಿನಗಳು, ಊರಿನ ಬಾಡಿಗೆ ಗಾಡಿಗಳೆಲ್ಲ ದಿಬ್ಬಣಕ್ಕೆ ಹೋಗಿದ್ದವು. ಗಂಡ ಬೈಕಿನ ಮೇಲೆ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟ. "ಮುಟ್ಟಿದ ಮ್ಯಾಲ ಫೋನ್ ಮಾಡು," ಎಂದು ಹೇಳಿ, ಬಸ್ಸು ಬರುವ ಮೊದಲೇ ಹೋದ. ಮುಂಜಿಗೆ ಒಯ್ಯುವ ಪಂಚೆ ಇಸ್ತ್ರಿಯವನ ಹತ್ತಿರ ಇತ್ತಂತೆ.

ಸಿಂದಗಿಯಲ್ಲಿ ಇಳಿದಾಗ ತಾಳಿಕೋಟೆಯ ಬಸ್ಸು ಹೋಗಿ ಸ್ವಲ್ಪ ಹೊತ್ತಾಗಿತ್ತು. ಮುಂದಿನದು ಬರುತ್ತದೆ ಎಂದರು, ಬರಲಿಲ್ಲ. ಶೇಂಗಾ ಮಾರುವವಳ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಾಗ ತಮ್ಮ ಮತ್ತೆ ಫೋನು ಮಾಡಿದ. ಅವನು ಅತ್ತ, ಅಷ್ಟೇ. ನಾನು ಅಲ್ಲಿಯೇ ಎಲ್ಲರ ಮುಂದೆ ಬಾಯಿ ಬಿಟ್ಟು ಅತ್ತೆ. ಶೇಂಗಾದವಳು ತನ್ನ ನೀರಿನ ಬಾಟಲಿ ನನ್ನ ಕೈಗಿಟ್ಟಳು.

ಹೊತ್ತು ಮುಳುಗಿದರೆ ಹೆಣ ರಾತ್ರಿಯಿಡೀ ಮನೆಯಲ್ಲಿ ಉಳಿಯುತ್ತದೆಂದು ಅಲ್ಲಿಯ ಹಿರಿಯರು ಅವಸರ ಮಾಡಿದರಂತೆ. ನಾನು ತಾಳಿಕೋಟೆ ಮುಟ್ಟಿದಾಗ ಅಂಗಳ ತೊಳೆದಾಗಿತ್ತು. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಹೀಗಾಗಿ ನಾನು ಅಪ್ಪನನ್ನು ಜೀವಂತ ನೋಡಲಿಲ್ಲ, ಸತ್ತ ಮೇಲೂ ನೋಡಲಿಲ್ಲ. ಅಪ್ಪ ಮಲಗುತ್ತಿದ್ದ ಮಂಚದ ಗಾದಿಯನ್ನೂ ಆಗಲೇ ಹೊರಗೆ ಹಾಕಿದ್ದರು.

ಬಾಗೇವಾಡಿಯ ಮುಂಜಿ ಚೆಂದಾಗಿ ಆಯಿತು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಮಾವ ಇದನ್ನು ನನಗೆ ಫೋನಿನಲ್ಲಿ ಹೇಳಿದರು, ಸಾಂತ್ವನ ಹೇಳುವಾಗಲೇ.

ಸೂತಕ ಕಳೆದ ಮೇಲೆ ನನ್ನನ್ನು ಕರೆದುಕೊಂಡು ಹೋಗಲು ಗಂಡ ಅದೇ ಗಾಡಿ ತಂದ. ಬೀಗರ ಮನೆಗೆ ಮಾತಾಡಿಸಲು ಹೋಗುವಾಗ ಬಸ್ಸಿನಲ್ಲಿ ಹೋದರೆ ಮರ್ಯಾದೆ ಉಳಿಯುವುದಿಲ್ಲವಲ್ಲ. ಇಂಡಿಯ ಮನೆಯ ಗೇಟಿನಲ್ಲಿ ಮಾವ ಒದ್ದೆ ಪಂಚೆಯಲ್ಲಿ, ತಾಮ್ರದ ಕೊಡ ಹಿಡಿದು ನಿಂತಿದ್ದರು.

"ಅಲ್ಲೇ ನಿಂದ್ರು. ಮೊದಲ ಗಾಡಿ ಶುದ್ಧ ಆಗ್ಲಿ, ಆಮ್ಯಾಲ ನೀ ಹಿತ್ತಲಿಂದ ಹೋಗಿ ತಲಿ ಮ್ಯಾಲ ನೀರ ಹಾಕ್ಕೋ," ಎಂದರು.

ಬೇರೆ ಸಲ ನಾನು ಬಂದವಳೇ ಹಿತ್ತಲಿನ ಬಚ್ಚಲಿಗೆ ಹೋಗುತ್ತಿದ್ದೆ. ಮುಂದಿನ ಅಂಗಳದಲ್ಲಿ ಏನು ನಡೆಯುತ್ತದೆಂದು ಎಂದೂ ನೋಡಿರಲಿಲ್ಲ. ಅಂದು ಗೇಟಿನ ಹೊರಗೆ ನಿಂತು ನೋಡಿದೆ. ಮಾವ ಬಾನೆಟ್ ಎತ್ತಿಸಿದರು. ಎಂಜಿನ್ ಇನ್ನೂ ಕಾದಿತ್ತು. ದವಾಖಾನೆಯ ಮೈಲಿಗೆ, ಸಾವಿನ ಮನೆಯ ಮೈಲಿಗೆ ಹೊರಮೈಗಷ್ಟೇ ಅಂಟುವುದಿಲ್ಲ, ಒಳಗೂ ಹೋಗುತ್ತದೆ ಎಂಬುದು ಅವರ ಲೆಕ್ಕ. ಗೋಮೂತ್ರ ಕಲಸಿದ ನೀರನ್ನು ಮಂತ್ರ ಹೇಳುತ್ತ ಕೊಡದಿಂದ ಸುರಿದರು. ಚುಂಯ್ ಎಂದು ಹಬೆ ಎದ್ದಿತು. ಡೈನಮೋ ಮುಂದಿನ ಮೂಲೆಯಲ್ಲಿಯೇ ಇತ್ತು, ಹೊಸದು, ಬೆಳ್ಳಗೆ ಹೊಳೆಯುತ್ತಿತ್ತು. ನೀರೆಲ್ಲ ಅದರ ಮೇಲೆ ಬಿತ್ತು. ಸಾಲದೆಂದು ಇನ್ನೊಂದು ಕೊಡ ತರಿಸಿ ಅದನ್ನೂ ಸುರಿದರು.

ನನ್ನ ಕಾಲ್ಗುಣ ಏನೆಂದು ನನಗೆ ಆಗ ಗೊತ್ತಾಯಿತು. ನಾನು ಹೋಗುವ ಜಾಗಗಳೆಲ್ಲ ಮೈಲಿಗೆಯವು, ಅಪ್ಪನ ಹಾಸಿಗೆಯೇ ಮೈಲಿಗೆ. ಅದಕ್ಕೇ ನಾನು ಕೂತು ಬಂದಾಗಲಷ್ಟೇ ಈ ಅಭಿಷೇಕ. ವಿಜ್ಞಾನದ ಮಾಸ್ತರರು ಎಲ್ಲವನ್ನೂ ನೋಡಿದ್ದರು, ತಮ್ಮ ಕೈಯಲ್ಲಿದ್ದ ಕೊಡವೊಂದನ್ನು ಬಿಟ್ಟು.

ಮರುದಿನ ಗಾಡಿ ಅಂಗಳದಿಂದಲೇ ಅಲುಗಲಿಲ್ಲ. ಮಾವ ನನ್ನ ಕಡೆ ನೋಡಿ ಒಳಗೆ ಹೋದರು. ಮಿಸ್ತ್ರಿ ಮನೆಗೇ ಬಂದ. ನಾನು ತುಳಸಿಕಟ್ಟೆಯ ಹತ್ತಿರ ರಂಗೋಲಿ ಹಾಕುತ್ತಿದ್ದೆ. ಅವನು ಬಾನೆಟ್ ಒಳಗೆ ಬಗ್ಗಿದವನು ನನ್ನ ಗಂಡನಿಗೆ ಹೇಳಿದ: "ಮತ್ತ ನೀರ ಹೊಡದೀರೇನ್ರಿ? ಆ ಪೋಸ್ಟಾಫೀಸ್ ಮುಂದ ನಿಂತಾಗನ ಹೇಳಿದ್ನೆಲ್ರಿ ನಿಮಗ, ಡೈನಮೋದಾಗ ನೀರ ಹೊಕ್ಕೈತಿ, ಮನ್ಯಾಗ ಹೇಳ್ರಿ ಅಂತ. ಹಿಂಗಾದ್ರ ಎಷ್ಟ ಹೊಸಾವು ಹಾಕಿದ್ರೂ ಉಳ್ಯಾಂಗಿಲ್ಲ ನೋಡ್ರಿ."

ಗಂಡ ಮಿಸ್ತ್ರಿಯ ಭುಜ ಮುಟ್ಟಿ, ಮೆಲ್ಲಗೆ ಎಂದು ಸನ್ನೆ ಮಾಡಿದ. ನಾನು ರಂಗೋಲಿಯ ಡಬ್ಬಿ ಕೆಳಗಿಟ್ಟೆ.

ಮಿಸ್ತ್ರಿ ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿದೆ. "ನಮ್ಮ ತಮ್ಮ ಫೋನ್ ಮಾಡಿದ ದಿವಸ ನಿಮಗ ಇದು ಗೊತ್ತಿತ್ತಲ್ರೀ?"

ಆತ ಕನ್ನಡಕ ತೆಗೆದು ಒರೆಸಿದ. "ಗೊತ್ತಿತ್ತು. ಆದ್ರ ಅಪ್ಪಗ ಹ್ಯಾಂಗ ಹೇಳ್ಲಿ? ಆಚಾರದ ಮಾತು. ಮನಸಿಗೆ ಭಾಳ ನೋವ ಮಾಡ್ಕೋತಾರ."

ಹಾಲು ಉಕ್ಕುತ್ತಿತ್ತು. ನಾನು ಒಲೆ ಆರಿಸಿದೆ. ಬೇರೆ ಏನು ಮಾಡಿದ್ದರೂ ಜೈಲಿಗೆ ಹೋಗಬೇಕಾಗುತ್ತಿತ್ತು.

ಮಾವನಿಗೆ ನಾನೂ ಹೇಳಲಿಲ್ಲ. ಹೇಳಬಾರದೆಂದು ಅವತ್ತೇ ನಿರ್ಧರಿಸಿದೆ, ಅದರ ಬಗ್ಗೆ ನನಗೆ ಇಂದಿಗೂ ಬೇಸರವಿಲ್ಲ. ಈಗ ಅವರಿಗೆ ಭುಜ ಹಿಡಿದಿದೆ, ಸಕ್ಕರೆ ಕಾಯಿಲೆಯೂ ಇದೆ. ತೋರಿಸಲು ಸಿಂದಗಿಯ ದವಾಖಾನೆಗೆ ಆಗಾಗ ಹೋಗುತ್ತಾರೆ. ಹೋಗಿ ಬಂದ ಗಾಡಿ ಮೈಲಿಗೆಯಲ್ಲವೇ? ಆಚಾರ ಎಲ್ಲರಿಗೂ ಒಂದೇ. ಆದರೆ ಕೊಡ ಎತ್ತಲು ಅವರ ಕೈಲಾಗುವುದಿಲ್ಲ.

"ನೀನ ಹಾಕವಾ, ತಪ್ಪಸಬ್ಯಾಡ," ಎನ್ನುತ್ತಾರೆ.

ನಾನು ತಪ್ಪಿಸುವುದಿಲ್ಲ. ಬಳೆ ಮೇಲೆ ಸರಿಸಿ, ಕೊಡ ತುಂಬಿ, ಎಂಜಿನ್ ಆರುವುದರೊಳಗೆ ಬಾನೆಟ್ ಎತ್ತಿಸುತ್ತೇನೆ. ಎಲ್ಲಿ ಸುರಿಯಬೇಕೆಂದು ನನಗೆ ಗೊತ್ತು. ಮೊನ್ನೆ ಸಿಂದಗಿಯಲ್ಲಿ ಗಾಡಿ ನಿಂತು, ಮಾವ ಉರಿಬಿಸಿಲಿನಲ್ಲಿ ಬಸ್ಸು ಕಾದು, ನಿಂತುಕೊಂಡೇ ಬಂದರು. ಬಂದವರು ಕುರ್ಚಿಗೆ ಒರಗಿ, ಬಹಳ ಹೊತ್ತು ಯೋಚಿಸಿ, "ನೀ ಕೂತೇ ಇಲ್ಲ. ಮತ್ತ್ಯಾಕ ನಿಂತಿತು?" ಎಂದು ನನ್ನನ್ನೇ ಕೇಳಿದರು. ಆ ಮುಖ ನೋಡಿ ನನಗೆ ಸುಖವಾಯಿತು.

ಗಂಡ ಕಂಬಕ್ಕೆ ಆತು ನಿಂತು ಒಮ್ಮೆ ನನ್ನನ್ನೂ ಒಮ್ಮೆ ಮೂಲೆಯ ಕೊಡವನ್ನೂ ನೋಡಿದ. ಅವನಿಗೆ ಎಲ್ಲ ಗೊತ್ತು. ಬಾಯಿ ಬಿಡುವುದಿಲ್ಲ. ಅಪ್ಪನಿಗೆ ನೋವಾಗಬಾರದಲ್ಲ.