ರಾಮಕ್ಕನ ಮಾಗಿ ಬಿಸಿಲು

ಮಾಗಿ ಬಂತೆಂದರೆ ಬಾಗಲಗುಂಟೆಯ ರಾಮಕ್ಕನ ಮನಸ್ಸು ಕುಸಿಯುತ್ತಿತ್ತು. ಜ್ವರವಲ್ಲ, ನೋವಲ್ಲ. ಕಾರ್ತಿಕ ಕಳೆದು, ಬೆಳಗಿನ ಮಂಜು ಹೊಲದ ಮೇಲಿಂದ ಏಳಲಾರದೆ ಕೂರುವ ಹೊತ್ತಿಗೆ, ಅವಳಿಗೆ ಎದ್ದು ತಲೆ ಬಾಚಿಕೊಳ್ಳುವುದೂ ಬೇಡವಾಗುತ್ತಿತ್ತು. ಅವರೆಕಾಯಿ ಸುಲಿಯಲು ಕೂತವಳು ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿ, ಸಿಪ್ಪೆಯನ್ನು ಪಾತ್ರೆಗೆ ಹಾಕಿಬಿಡುತ್ತಿದ್ದಳು. ಯಾರೂ ಏನೂ ಅನ್ನದಿದ್ದರೂ ಅಳು ಬರುತ್ತಿತ್ತು. ಸಂಕ್ರಾಂತಿ ಕಳೆದು ಬಿಸಿಲು ಬಲಿತ ಮೇಲೆ ತಾನಾಗಿಯೇ ಸರಿಹೋಗುತ್ತಿದ್ದಳು. ಮದುವೆಯಾಗಿ ಆ ಮನೆಗೆ ಬಂದ ವರ್ಷದಿಂದಲೂ ಹೀಗೆಯೇ.

ಅದಕ್ಕೆ ಅವಳೇ ಒಂದು ಮದ್ದು ಕಂಡುಕೊಂಡಿದ್ದಳು. ಮನೆ ಪೂರ್ವಕ್ಕೆ ಮುಖ ಮಾಡಿತ್ತು. ಮುಂದೆ ರಸ್ತೆಯವರೆಗೂ ಬಯಲು ಅಂಗಳ. ಕೊಟ್ಟಿಗೆಯ ಕೆಲಸ ಮುಗಿಸಿ ಬಂದು, ಜಗಲಿಯ ಮೇಲೆ ಬಿಸಿಲಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ ಕೂರುವಳು. ಪೀಣ್ಯದ ಫ್ಯಾಕ್ಟರಿ ಸೈರನ್ ಕೂಗುವ ತನಕ ಕೂತರೆ ಆ ದಿನವನ್ನು ತಳ್ಳುವಷ್ಟು ಜೀವ ಬರುತ್ತಿತ್ತು.

ಇದನ್ನು ಅವಳು ಗಂಡ ನಲ್ಲಪ್ಪನಿಗೆ ಮಾತ್ರ ಹೇಳಿದ್ದಳು. “ಮಾಗೀಲಿ ಎದೆ ಒಳಗೆ ಯಾರೋ ಒಲೆ ಆರಿಸ್ದಂಗಾಯ್ತದೆ. ಬಿಸ್ಲಲ್ಲಿ ಕುಂತ್ರೆ ಒಂದಿಷ್ಟು ಕಾವು ಬತ್ತದೆ.” ಮಾರನೆಯ ದಿನವೇ ನಲ್ಲಪ್ಪ ಟೀ ಅಂಗಡಿಯಲ್ಲಿ ಅದನ್ನು ಹೇಳಿಕೊಂಡು ನಕ್ಕ. ಅಂದಿನಿಂದ ಅವಳಿಗೆ ಓತಿಕ್ಯಾತ ಎಂದು ಹೆಸರಾಯಿತು. ಬೇಲಿಯ ಮೇಲೆ ಬಿಸಿಲು ಕಾಯಿಸುತ್ತ ತಲೆಯಾಡಿಸುವ ಪ್ರಾಣಿ ತಾನೆ ಅದು.

ಎಪ್ಪತ್ತೆಂಟನೆಯ ಇಸವಿಯಲ್ಲಿ ಪೀಣ್ಯದ ಕೆಲಸಗಾರರು ಬಾಡಿಗೆ ಮನೆ ಹುಡುಕುತ್ತ ಊರೊಳಗೆ ಬರತೊಡಗಿದರು. ಅಂಗಳದಲ್ಲಿ ಸಾಲುಮನೆ ಕಟ್ಟಿಸುವುದೆಂದು ನಲ್ಲಪ್ಪ ನಿಶ್ಚಯಿಸಿದ. ಮೇಸ್ತ್ರಿ ಬಂದು ಸುಣ್ಣದಲ್ಲಿ ಗುರುತು ಹಾಕಿದ. ಜಗಲಿಗೂ ಹೊಸ ಗೋಡೆಗೂ ನಡುವೆ ಒಬ್ಬರು ನಡೆಯುವಷ್ಟು ಓಣಿ ಮಾತ್ರ ಉಳಿಯುತ್ತಿತ್ತು.

ಈ ಮಾಗಿಯೊಂದು ದಾಟಿದರೆ ಸಾಕು, ಮುಂದಿನದು ಮುಂದೆ, ಎಂದು ರಾಮಕ್ಕ ದೇವರಿಗೆ ಹೇಳಿಕೊಂಡಳು. ಅವಳಿಗಿದ್ದ ಆಸರೆ ಒಂದೇ. ಧನುರ್ಮಾಸ ಶೂನ್ಯಮಾಸ, ಆ ಊರಿನಲ್ಲಿ ಯಾರೂ ಆಗ ಹೊಸ ಕೆಲಸಕ್ಕೆ ಕೈಹಾಕುವುದಿಲ್ಲ. ನಲ್ಲಪ್ಪ ಇಟ್ಟಿಗೆ, ಸಿಮೆಂಟು ಎಂದು ಓಡಾಡಿಕೊಂಡಿದ್ದವನು ಪಂಚಾಂಗದ ಕಡೆ ತಿರುಗಿಯೂ ನೋಡಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಶೂನ್ಯಮಾಸ ತಾನಾಗಿಯೇ ಬಂದು, ಕೆಲಸ ಸಂಕ್ರಾಂತಿಯಾಚೆಗೆ ಬೀಳುತ್ತಿತ್ತು. ಆದರೆ ಹೆದರಿದವರಿಗೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ.

ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟಳು. “ಶೂನ್ಯಮಾಸ ಬತ್ತಾ ಐತೆ. ಸಂಕ್ರಾಂತಿ ಕಳ್ದ ಮ್ಯಾಲೆ ಮುಟ್ಟಿದ್ರೆ ಒಳ್ಳೇದಲ್ವಾ?”

ಮುದ್ದೆ ಮುರಿಯುತ್ತಿದ್ದ ನಲ್ಲಪ್ಪನ ಕೈ ನಿಂತಿತು. “ಯಾವತ್ತಿಂದ?”

“ಇನ್ನೇನು, ಬರೋ ವಾರದಿಂದ.”

“ಮರ್ತೇ ಓಗಿತ್ತು ನೋಡವ್ವ,” ಎಂದು ನಲ್ಲಪ್ಪ ತಾಯಿ ಮುನಿಯಕ್ಕನ ಕಡೆ ತಿರುಗಿದ.

“ಶೂನ್ಯಮಾಸದಾಗೆ ಸುರು ಮಾಡ್ಬಾರ್ದು, ಅಷ್ಟೇಯ,” ಎಂದಳು ಮುನಿಯಕ್ಕ. “ಮೊದ್ಲೇ ಮುಟ್ಟಿದ್ ಕೆಲ್ಸಕ್ಕೆ ಯಾವ ಶೂನ್ಯ? ನಾಳೇನೇ ಗುದ್ದಲಿ ಪೂಜೆ ಮಾಡ್ಬುಡು.” ಆಮೇಲೆ ಸೊಸೆಯ ಮುಖ ನೋಡಿದಳು. “ಇವ್ಳಿಗೆ ಮಾಸದ ಚಿಂತೆ ಅಲ್ಲ ಕಣೋ. ಓತಿಕ್ಯಾತಂಗೆ ಬೇಲಿ ಓಯ್ತದೆ ಅಂತ ಭಯ.”

“ಏನಾರ ಇರ್ಲಿ, ಗ್ಯಾಪ್ಕ ಮಾಡಿದ್ಲಲ್ಲ,” ಎಂದ ನಲ್ಲಪ್ಪ. “ಇನ್ನೊಂದ್ ಮುದ್ದೆ ಆಕು.”

ರಾಮಕ್ಕ ಹಾಕಿದಳು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಬಿಟ್ಟವಳು ಅವಳೇ, ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿದವಳೂ ಅವಳೇ. ಮನೆಯ ಮುತ್ತೈದೆ ತಾನೆ. ಧನುರ್ಮಾಸ ಹುಟ್ಟುವ ಹೊತ್ತಿಗೆ ಪಾಯ ಮೇಲೆದ್ದಿತ್ತು. ಆಮೇಲೆ ಗೋಡೆ ಬೇಗ ಬೇಗ ಏರಿತು. ಮೊದಲು ಅವಳ ಮಡಿಲಿನ ಬಿಸಿಲು ಹೋಯಿತು. ನಿಂತುಕೊಂಡರೆ ಮುಖಕ್ಕೆ ಬೀಳುತ್ತಿತ್ತು, ಅವಳು ನಿಂತುಕೊಂಡಳು. ಕೊನೆಗೆ ಅದೂ ಹೋಯಿತು.

“ಎಂಗೂ ಸುಮ್ನೆ ನಿಂತಿರ್ತೀಯ, ಗೋಡೆಗೆ ನೀರು ಒಡಿ,” ಎಂದ ನಲ್ಲಪ್ಪ. ಸಿಮೆಂಟು ಗಟ್ಟಿಯಾಗಬೇಕಾದರೆ ದಿನವೂ ನೀರು ಕುಡಿಯಬೇಕು. ರಾಮಕ್ಕ ಬಾವಿಯಿಂದ ಸೇದಿ, ನೆರಳಿನಲ್ಲಿ ನಿಂತು, ಆ ಗೋಡೆಗೆ ತಣ್ಣೀರು ಎರಚಿದಳು. ಬೆರಳುಗಳು ಮರಗಟ್ಟುತ್ತಿದ್ದವು.

ಗೋಡೆಗೆ ಇನ್ನೊಂದು ಮಗ್ಗುಲಿದೆ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಬಿಂದಿಗೆ ಎತ್ತಿಕೊಂಡು ರಸ್ತೆಯ ಕಡೆಗೆ ಹೋದಳು. ಅಲ್ಲಿ ಅವಳ ಬಿಸಿಲೆಲ್ಲ ಗೋಡೆಗೆ ಒರಗಿ ನಿಂತಿತ್ತು. ಒಂದು ಚೊಂಬು ನೀರು ಎರಚಿ, ಒದ್ದೆ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ನಿಲ್ಲುವಳು. ಮತ್ತೆ ಒಂದು ಚೊಂಬು. ಕೆಲವು ದಿನ ಹೀಗೆ ನಡೆಯಿತು. ಒಂದು ಸಂಜೆ ಸಾರು ಕುದಿಸುತ್ತ ಏನನ್ನೋ ಗುನುಗಿದಳು.

ನಲ್ಲಪ್ಪ ಅದನ್ನು ಕೇಳಿಸಿಕೊಂಡ. ಮರುದಿನ ಬೆಳಿಗ್ಗೆ ಅವನೇ ಬಂದು ನೋಡಿದ. ರಸ್ತೆಯಲ್ಲಿ ಫ್ಯಾಕ್ಟರಿಗೆ ಹೊರಟವರು ಸೈಕಲ್ ನಿಧಾನ ಮಾಡಿ ನೋಡುತ್ತಿದ್ದರು.

“ನನ್ ಎಂಡ್ರು ರಸ್ತೇಲಿ ಪ್ರದರ್ಶನಕ್ಕೆ ನಿಂತವ್ಳೆ,” ಎಂದ. ದನಿ ಏರಿಸಲಿಲ್ಲ. “ಈ ಕಡೆ ಕೂಲಿಯೋಳು ನೋಡ್ಕತಾಳೆ. ನಿಂದು ಒಳಗಿನ್ ಕಡೆ.”

“ಒಂದ್ ಗಳಿಗೆ ಕಣ್ರೀ. ಸಂಕ್ರಾಂತಿ ಗಂಟ.”

“ಬಿಂದ್ಗೆ ಎತ್ಕ.”

ಅವಳು ಬಿಂದಿಗೆ ಎತ್ತಿಕೊಂಡಳು. ಅಲ್ಲಿಂದ ಮುಂದೆ ಏನನ್ನೂ ಕೇಳಲಿಲ್ಲ. ಹೇಳಿದಾಗ ಎದ್ದಳು, ಹೇಳಿದಾಗ ಉಂಡಳು. ಜಗಲಿಯ ಮೇಲೆ ಕೂರುವುದು ನಿಂತಿತು. ಅಳುವುದೂ ನಿಂತಿತು.

ಸಂಕ್ರಾಂತಿಯ ದಿನ ಎಳ್ಳು ಬೀರಲು ನೆರೆಮನೆಯ ಅಶ್ವತ್ಥಮ್ಮ ಬಂದಳು. ಅವಳ ಸೊಸೆ, ಅತ್ತಿಬೆಲೆಯ ಕಡೆಯಿಂದ ಮದುವೆಯಾಗಿ ಬಂದ ಎಳೆಯ ಹುಡುಗಿ, ಮನೆಯಲ್ಲೇ ಉಳಿದಿದ್ದಳು.

“ನಿಮ್ ಸೊಸೆ ಈ ಸಲ ಮೂಲೆ ಇಡೀಲೇ ಇಲ್ವಲ್ಲ ಮುನಿಯಕ್ಕ,” ಎಂದಳು ಅಶ್ವತ್ಥಮ್ಮ. “ನಮ್ದೂ ಅದೇ ರಾಗ ತಗ್ದದೆ. ಚಳಿ ಬಿತ್ತು ಅಂದ್ರೆ ಅಳ್ತದೆ. ಬೆಳಗಾಯ್ತಿದ್ದಂಗೆ ಮನೆ ಇಂದ್ಗಡೆ ಇತ್ಲಿಗೆ ಓಗಿ ಬಿಸ್ಲಲ್ಲಿ ಕುಂತ್ಕತದೆ. ಏನ್ ಮಾಡ್ಸಿದ್ರಿ, ತಾಯಿತ ಕಟ್ಸಿದ್ರಾ?”

“ತಾಯಿತನೂ ಇಲ್ಲ, ಗೀಯಿತನೂ ಇಲ್ಲ,” ಎಂದಳು ಮುನಿಯಕ್ಕ. “ಬಿಸ್ಲು ತಪ್ಪಿಸ್ಬುಟ್ವಿ. ಕುಂತ್ಕಳಾಕೆ ಜಾಗ ಇದ್ರೆ ತಾನೆ ರೋಗ. ನೀನೂ ಇತ್ಲ ಬಾಗ್ಲಿಗೆ ಬೀಗ ಜಡಿ. ಈಗ ನೋಡು, ಎತ್ತಿನಂಗೆ ಗೇಯ್ತಾಳೆ. ಬೇಕಾದ್ರೆ ಅವ್ಳನ್ನೇ ಕೇಳು.”

ಅಶ್ವತ್ಥಮ್ಮ ತಿರುಗಿದಳು. ಅವಳ ಮುಖದಲ್ಲಿ ಕೆಡುಕಿರಲಿಲ್ಲ. ಸೊಸೆ ಸರಿಹೋಗಲಿ ಎಂಬ ಆಸೆಯೇ ಇತ್ತು. “ನಿಜವೇನೇ ರಾಮಿ? ವಾಸಿ ಆಯ್ತಾ?”

ರಾಮಕ್ಕನಿಗೆ ಆ ಹುಡುಗಿಯ ಮುಖ ಗೊತ್ತಿತ್ತು. ಬಾವಿಯ ಬಳಿ ಹಗ್ಗ ಹಿಡಿದು, ಸೇದುವುದನ್ನೇ ಮರೆತು ನಿಂತಿದ್ದುದನ್ನು ಕಂಡಿದ್ದಳು. ಹೇಳಲು ಬಾಯಿ ತೆರೆದಳು. ಬಾಗಿಲಲ್ಲಿ ಕೂತಿದ್ದ ನಲ್ಲಪ್ಪ ಕಬ್ಬು ಸಿಗಿಯುವುದನ್ನು ಬಿಟ್ಟು ತಲೆ ಎತ್ತಿದ.

“ಹೂಂ,” ಎಂದಳು ರಾಮಕ್ಕ. “ವಾಸಿ ಆಯ್ತು.”

ಅಶ್ವತ್ಥಮ್ಮ ಬೀಗ ಕೊಳ್ಳಲು ಹೊರಟಳು.