ಪದೇಪದೇ ಬೀಳುತ್ತಿದ್ದ ಸ್ವಿಚ್ಚು

ನಮ್ಮ ಸೋದರಮಾವ ವೈರಿಂಗ್ ಕೆಲಸ ಮಾಡುತ್ತಿದ್ದರು. ಬೀದಿಯವರು ಅವರನ್ನು ‘ನಿಧಾನಪ್ಪ’ ಎಂದು ಕರೆಯುತ್ತಿದ್ದರು. ಬಲ್ಬಿನ ಹೋಲ್ಡರ್ ಬದಲಿಸಲು ಬಂದರೂ ಮೊದಲು ಕುರ್ಚಿ ಎಳೆದುಕೊಂಡು ಕೂತು, ಏನಾಯಿತು, ಯಾವಾಗಿನಿಂದ, ಆಗ ಮನೆಯಲ್ಲಿ ಏನೇನು ಆನ್ ಆಗಿತ್ತು ಎಂದು ಡಾಕ್ಟರರ ಹಾಗೆ ವಿಚಾರಿಸುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು, ನಮ್ಮ ಮನೆಯ ಸ್ವಿಚ್ಚು ಹಠ ಹಿಡಿದಿದ್ದ ಆ ಬೆಳಿಗ್ಗೆ.

ಅಮ್ಮ ಹಿಂದಿನ ಕೋಣೆಯಲ್ಲಿ ಬೀದಿಯವರ ಬಟ್ಟೆ ಇಸ್ತ್ರಿ ಮಾಡಿಕೊಡುತ್ತಿದ್ದಳು. ಯಾರಿಗೂ ಶಾಕ್ ಹೊಡೆಯದಿರಲಿ ಎಂದು ಮಾವ ಮೇನ್ ಬೋರ್ಡಿಗೆ, ಅಪಾಯವಿದ್ದರೆ ತಾನಾಗಿ ಆಫ್ ಆಗುವ ಒಂದು ಸ್ವಿಚ್ಚು ಹಾಕಿದ್ದರು. ಒಂದು ವಾರದಿಂದ, ಇಸ್ತ್ರಿಪೆಟ್ಟಿಗೆ ಹಾಕಿದರೆ ಸಾಕು, ಅದು ಟಪ್ ಎಂದು ಬಿದ್ದು ಇಡೀ ಮನೆಯ ಕರೆಂಟು ಹೋಗುತ್ತಿತ್ತು. ಬಟ್ಟೆಯ ಗಂಟುಗಳು ಬಾಗಿಲವರೆಗೂ ಬಂದಿದ್ದವು.

“ಅಣ್ಣ, ಆ ದರಿದ್ರ ಸ್ವಿಚ್ ತೆಗೆದು ಡೈರೆಕ್ಟ್ ಕೊಟ್ಬಿಡು,” ಅಂದಳು ಅಮ್ಮ.

“ಒದ್ದೆ ಕೈಲಿ ನೀರು ಚಿಮುಕಿಸ್ಕೊಂಡು ಇಸ್ತ್ರಿ ಮಾಡೋಳು ನೀನು. ನಾನಂತೂ ತೆಗೆಯಲ್ಲ ಪುಟ್ಟಿ.”

“ಹನ್ನೊಂದು ಗಂಟೆವರೆಗೆ ನೋಡ್ತೀನಿ. ಆಮೇಲೆ ಹಿಂದಿನ ಬೀದಿ ವೈರಿಂಗಿನವನನ್ನ ಕರೆಸ್ತೀನಿ. ಅವನು ಎರಡೇ ನಿಮಿಷದಲ್ಲಿ ತೆಗೆದುಕೊಡ್ತಾನಂತೆ.”

ಮಾವ ಇಸ್ತ್ರಿಪೆಟ್ಟಿಗೆಯನ್ನು ಪಕ್ಕದ ಮನೆಗೆ ಒಯ್ದು ಹಾಕಿ ನೋಡಿದರು. ಅಲ್ಲೂ ಅಂಥದೇ ಸ್ವಿಚ್ಚಿತ್ತು, ಬೀಳಲಿಲ್ಲ.

“ನನ್ನ ಪೆಟ್ಟಿಗೆ ಮೇಲೆ ಅನುಮಾನ ಪಟ್ಟಿದ್ದು ಮುಗೀತಾ?”

“ಮುಗೀತು. ಇನ್ನು ನಿನ್ನ ಗೋಡೆ ಮೇಲೆ.”

ಹೋದಷ್ಟು ಕರೆಂಟು ವಾಪಸ್ಸು ಬರದೆ ದಾರಿಯಲ್ಲಿ ಸೋರಿದರೆ ಆ ಸ್ವಿಚ್ಚು ಬೀಳುತ್ತದೆ. ಇಸ್ತ್ರಿಪೆಟ್ಟಿಗೆ ಹೆಚ್ಚು ಎಳೆಯುವುದರಿಂದ ಸೋರಿಕೆಯೂ ಹೆಚ್ಚುತ್ತದೆ, ಆದರೆ ತೂತು ಬೇರೆಲ್ಲೋ ಇರಬಹುದು ಎಂದು ಮಾವ ಹೇಳಿದರು. ಮೇನ್ ಆಫ್ ಮಾಡಿ, ಒಂದು ಕೋಣೆಯಿಂದ ವಾಪಸ್ಸು ಬರುವ ಕಪ್ಪು ವೈರು ಬಿಚ್ಚುವುದು, ಮತ್ತೆ ಆನ್ ಮಾಡಿ ಇಸ್ತ್ರಿಪೆಟ್ಟಿಗೆ ಹಾಕುವುದು. ಅಡುಗೆಮನೆಯದು ಬಿಚ್ಚಿದರು, ಬಿತ್ತು. ಮಲಗುವ ಕೋಣೆಯದು ಬಿಚ್ಚಿದರು, ಬಿತ್ತು. ನಡುಮನೆಯದನ್ನು ಬಿಚ್ಚಿದಾಗ ಬೀಳಲಿಲ್ಲ.

ಆಗ ಹತ್ತೂ ಮುಕ್ಕಾಲು. ನಡುಮನೆಯ ಗೋಡೆಯೊಳಗೆ ವೈರಿನ ಪೈಪು ಕೂರಿಸಿದವರು ಅವರೇ. ಅಂಗೈಯನ್ನು ಗೋಡೆಗಿಟ್ಟು ನಡೆಯುತ್ತಾ ಬಂದು ಗಡಿಯಾರದ ಬಳಿ ನಿಂತುಬಿಟ್ಟರು. ಅದರ ಹಿಂದೆ ಬಚ್ಚಲುಮನೆ; ಗೋಡೆಗೆ ಈಚೆಗೆ ತೇವ ಇಳಿದಿತ್ತು. ಮೇನ್ ಆಫ್ ಮಾಡಿ, ಗಡಿಯಾರ ಇಳಿಸಿ, ಮೊಳೆ ಕಿತ್ತರು. ತುದಿಗೆ ವೈರಿನ ಕಪ್ಪು ಪ್ಲಾಸ್ಟಿಕ್ಕಿನ ಚೂರು ಅಂಟಿತ್ತು.

ಅಮ್ಮ ಬಟ್ಟೆ ಮಡಚುತ್ತಿದ್ದಳು, ನೋಡಿರಲಿಲ್ಲ. ಮೊಳೆಯನ್ನು ಜೇಬಿಗೆ ಹಾಕಿಕೊಂಡಿದ್ದರೆ ಆಗುತ್ತಿತ್ತು.

“ಪುಟ್ಟಿ, ಹೋದ ತಿಂಗಳು ಈ ಮೊಳೆ ಹೊಡೆದೋನು ನಾನೇ,” ಅಂದರು.

“ನಿಧಾನಪ್ಪಂಗೆ ಆವತ್ತೇನು ಅವಸರವಾಗಿತ್ತೋ.”

“ಅದನ್ನೇ ಯೋಚನೆ ಮಾಡ್ತಿದೀನಿ.”

ಅಮ್ಮ ಮೊಳೆಯನ್ನು ಕೈಗೆ ತೆಗೆದುಕೊಂಡು ನೋಡಿ, ಮತ್ತೆ ಬಟ್ಟೆ ಮಡಚತೊಡಗಿದಳು. ಮಧ್ಯಾಹ್ನದೊಳಗೆ ಮಾವ ಆ ವೈರು ಬದಲಿಸಿದರು. ಸ್ವಿಚ್ಚು ಇದ್ದಲ್ಲೇ ಉಳಿಯಿತು.

ಆಮೇಲಿನ ಎರಡು ವಾರ ಅವರು ಹೊಸ ಕೆಲಸ ಒಪ್ಪಿಕೊಳ್ಳಲಿಲ್ಲ. ತಾವು ವೈರಿಂಗ್ ಮಾಡಿದ್ದ ಮನೆಗಳಿಗೆಲ್ಲ ಹೋಗಿ, ಒಳಗೆ ವೈರು ಹೋದ ಜಾಡಿನ ಮೇಲೆ ತೆಳ್ಳಗೆ ಪೆನ್ಸಿಲ್ ಗೆರೆ ಎಳೆದು, ಅದರ ಮೇಲೆ ಮೊಳೆ ಹೊಡೆಯಬೇಡಿ ಎಂದು ಹೇಳಿ ಬಂದರು. ಮೊದಲ ಗೆರೆ ನಮ್ಮ ನಡುಮನೆಯದು.

ಕಳೆದ ವರ್ಷ ಮನೆಗೆ ಬಣ್ಣ ಹೊಡೆಯಲು ಬಂದವನು ಅದನ್ನು ನೋಡಿ, “ಇದೇನಕ್ಕ, ಮಕ್ಕಳು ಗೀಚಿದ್ದಾ?” ಅಂದ.

“ನಮ್ಮಣ್ಣ ಎಳೆದಿದ್ದು,” ಅಂದಳು ಅಮ್ಮ. “ಅದನ್ನ ಬಿಟ್ಟು ಹೊಡಿ.”